ಹದಿಹರೆಯದವರಿಗಾಗಿ ಕಾದಂಬರಿ ಬರೆಯುವುದು ಹೇಗೆ: ಶಿಡ್ಲಘಟ್ಟದ ಒಂದು ಉದಾಹರಣೆ ಇಟ್ಟುಕೊಂಡು, ಹಂತ ಹಂತವಾಗಿ

"ಪಿಯುಸಿ ಓದೋ ವಯಸ್ಸಿನವರಿಗೆ ಅಂತ ಒಂದು ಕಾದಂಬರಿ ಶುರು ಮಾಡಿದೀನಿ. ಪ್ರೀತಿ ಇದೆ, ಮನೇಲಿ ಒಂದು ಸಾವು ಇದೆ, ಕೊನೆಗೆ ಹುಡುಗಿ ತನ್ನ ದಾರಿ ತಾನು ನೋಡ್ಕೊಳ್ತಾಳೆ. ಆದ್ರೆ ಅರವತ್ತು ಪುಟಕ್ಕೆ ನಿಂತುಹೋಯ್ತು. ಮುಂದೇನು?" ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೊಸದಾಗಿ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು.

ನಿಲ್ಲುವುದಕ್ಕೆ ಕಾರಣ ಬಹುಪಾಲು ಒಂದೇ. ಪ್ರೀತಿಯದೊಂದು ಎಳೆ, ಸಾವಿನದೊಂದು ಎಳೆ, ಓದು ಮತ್ತು ಭವಿಷ್ಯದ್ದು ಇನ್ನೊಂದು ಎಳೆ ಎಂದು ಮೂರನ್ನೂ ಬೇರೆ ಬೇರೆ ಹಿಡಿದು ಹೊರಟಿರುತ್ತೀರಿ. ಮೂರೂ ಒಂದೇ ತೀರ್ಮಾನಕ್ಕೆ ಬಂದು ಸೇರಬೇಕು. ಆ ತೀರ್ಮಾನಕ್ಕೆ ಒಂದು ತಾರೀಖು ಇರಬೇಕು, ಮತ್ತು ಅದನ್ನು ಹದಿನೇಳರ ಆ ಹುಡುಗಿಯೇ ಮಾಡಬೇಕು. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸಿಕೊಳ್ಳುವ ಕ್ರಮ.

ಕೂರುವ ಮೊದಲು ಬೇಕಾದದ್ದು

ಒಂದು ಇನ್ನೂರು ಪುಟದ ನೋಟ್‌ಬುಕ್. ಕಥೆ ನಡೆಯುವ ವರ್ಷದ ಗೋಡೆ ಕ್ಯಾಲೆಂಡರ್, ಅಮಾವಾಸ್ಯೆ, ಹಬ್ಬ, ರಜೆಗಳೆಲ್ಲ ಇರುವಂಥದ್ದು. ಯೂನಿಕೋಡ್‌ನಲ್ಲಿ ಟೈಪ್ ಮಾಡುವ ಅನುಕೂಲ. ಯೂನಿಕೋಡ್ ಎಂದರೆ ಯಾವ ಫೋನಿನಲ್ಲಿ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಕೆಡದೆ ಕಾಣುವ ವ್ಯವಸ್ಥೆ.

ಅಳತೆ ಮೊದಲೇ ಗೊತ್ತಿರಲಿ. 1/8 ಡೆಮಿ ಆಕಾರದ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದದ ಪುಸ್ತಕದಲ್ಲಿ ಪುಟಕ್ಕೆ ಸುಮಾರು 220 ಕನ್ನಡ ಪದ ಹಿಡಿಯುತ್ತವೆ. ಒಂದು ಫಾರ್ಮಾ, ಎಂದರೆ ಒಂದು ದೊಡ್ಡ ಹಾಳೆ ಮುದ್ರಿಸಿ ಮಡಿಸಿದಾಗ ಬರುವ ಪುಟಗಳ ಕಟ್ಟು, 16 ಪುಟ. ಹತ್ತು ಫಾರ್ಮಾದ 160 ಪುಟಕ್ಕೆ 35,000 ಪದ ಸಾಕು. 1,400 ಪದಗಳ 25 ಅಧ್ಯಾಯ ಎಂದುಕೊಳ್ಳಿ. ದಿನಕ್ಕೆ 500 ಪದ ಬರೆದರೆ ಎಪ್ಪತ್ತು ದಿನಕ್ಕೆ ಮೊದಲ ಕರಡು ಮುಗಿಯುತ್ತದೆ. ಇಂಗ್ಲಿಷ್ ಕಾದಂಬರಿಗಳ ಪದಲೆಕ್ಕ ನೋಡಿ ಹೆದರಬೇಡಿ. "ಹೋಗಬೇಕಾಗಿತ್ತಂತೆ" ಎಂಬುದು ನಮ್ಮಲ್ಲಿ ಒಂದೇ ಪದ.

1. ಹೇಳುವವರು ಯಾರು, ಎಲ್ಲಿ ನಿಂತು ಹೇಳುತ್ತಿದ್ದಾರೆ

ಯಂಗ್ ಅಡಲ್ಟ್ ಎಂದು ಅಂಗಡಿಯವರು ಕರೆಯುವ ಬಗೆ ಸುಮಾರು 12ರಿಂದ 18ರ ಓದುಗರಿಗಾಗಿ ಇರುವುದು. ಅದನ್ನು ಓದುವ ದೊಡ್ಡವರೂ ಬೇಕಾದಷ್ಟು. ಹದಿಹರೆಯದ ಪಾತ್ರವಿದ್ದ ಮಾತ್ರಕ್ಕೆ ಕಾದಂಬರಿ ಈ ಬಗೆಗೆ ಸೇರುವುದಿಲ್ಲ. ನಲವತ್ತೈದರ ಒಬ್ಬರು "ಆಗ ನನಗೆ ಹದಿನೇಳು, ಎಂಥ ಮುಗ್ಧತೆ!" ಎಂದು ನೆನಪಿಸಿಕೊಂಡರೆ ಅದು ದೊಡ್ಡವರ ಪುಸ್ತಕ. ಇಲ್ಲಿ ಹೇಳುವವಳಿಗೆ ಮುಂದೇನಾಗುತ್ತದೆಂದು ಗೊತ್ತಿರಬಾರದು.

ದೃಷ್ಟಿಕೋನ, ಅಂದರೆ ಕಥೆಯನ್ನು ಯಾರ ಕಣ್ಣಿಂದ ನೋಡುತ್ತೇವೆ ಎಂಬುದನ್ನು ಒಬ್ಬರಿಗೇ ಕೊಡಿ. "ನಾನು" ಎಂದೇ ಬರೆಯಿರಿ, "ಅವಳು" ಎಂದಾದರೂ ಬರೆಯಿರಿ, ಆದರೆ ಅವಳಿಲ್ಲದ ಕೋಣೆಯಲ್ಲಿ ನಡೆದದ್ದನ್ನು ಹೇಳಬೇಡಿ. ಇಲ್ಲಿ ಎಡವುವವರು ಹೆಚ್ಚು. ಹುಡುಗಿಯ ಕಥೆ ಹೇಳುತ್ತಾ ಹೇಳುತ್ತಾ ಎಂಟನೇ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಅಪ್ಪನ ಮನಸ್ಸಿನೊಳಗೆ ಹೋಗಿ ಅವನ ಸಾಲದ ಕಷ್ಟ ವಿವರಿಸುತ್ತಾರೆ. ಅಪ್ಪನ ಸಾಲ ಅವಳಿಗೆ ತಿಳಿಯುವುದು ಅರ್ಧ ಕೇಳಿಸಿಕೊಂಡ ಫೋನ್ ಮಾತಿನಿಂದ, ಅಡವಿಡಲು ಹೋದ ಓಲೆಯಿಂದ. ಆ ಅರ್ಧವೇ ನಿಮ್ಮ ಬಂಡವಾಳ.

2. ತೀರ್ಮಾನವನ್ನು ಮೊದಲು ಕಟ್ಟಿ

ಒಂದು ಉದಾಹರಣೆ ಕಟ್ಟೋಣ, ಕೊನೆಯವರೆಗೂ ಅದನ್ನೇ ಹಿಡಿಯೋಣ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಬೆಳೆಯುವ ಮನೆ. ಹುಡುಗಿಗೆ 17, ದ್ವಿತೀಯ ಪಿಯು. ಅಣ್ಣ ಬೈಕ್ ಅಪಘಾತದಲ್ಲಿ ಹೋಗಿದ್ದಾನೆ. ಬೈಕ್ ಓಡಿಸುತ್ತಿದ್ದವನು ಅಣ್ಣನ ಗೆಳೆಯ, 18 ತುಂಬಿದವನು, ಅವನು ಬದುಕಿದ್ದಾನೆ. ಮುಂದೆ ಹುಡುಗಿ ಪ್ರೀತಿಸುವುದು ಇವನನ್ನೇ. ಅಣ್ಣನ ಫೋನು ಅವನ ಬಳಿ ಉಳಿದಿದೆ, ಅದರ ಪ್ಯಾಟರ್ನ್ ಲಾಕ್ ಅವನಿಗೆ ಗೊತ್ತು. ಫೋನಿನೊಳಗೆ ಇರುವುದು ಇಷ್ಟು: ಅಣ್ಣ ರೇಷ್ಮೆ ಬಿಟ್ಟು ಊರು ಬಿಡಲು ಎಲ್ಲ ಸಿದ್ಧ ಮಾಡಿಕೊಂಡಿದ್ದ. ಮನೆಯವರಾದರೋ "ಅಣ್ಣನ ಆಸೆ ಇದೇ ಆಗಿತ್ತು, ಹುಳು ಮನೆ ನಿಲ್ಲಿಸಬಾರದು" ಎಂದು ಹುಡುಗಿಯನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದಾರೆ.

ಈಗ ನೋಡಿ. ಆ ಹುಡುಗ ಫೋನನ್ನು ಅವಳಿಗೆ ತಂದುಕೊಡುತ್ತಾನೆ. ಅದನ್ನು ಅವಳು ಅಪ್ಪ ಅಮ್ಮನ ಕೈಗೆ ಕೊಡಬೇಕೋ ಬೇಡವೋ? ಕೊಟ್ಟರೆ ಅವಳಿಗೆ ಕಾಲೇಜಿನ ದಾರಿ ತೆರೆಯಬಹುದು, ಆದರೆ ಅಮ್ಮ ಕಟ್ಟಿಕೊಂಡಿರುವ ಮಗ ಎರಡನೇ ಸಲ ಸಾಯುತ್ತಾನೆ. ಫೋನು ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದು ಆ ಹುಡುಗನ ಹೆಸರೂ ಹೊರಗೆ ಬರುತ್ತದೆ. ಪ್ರೀತಿ, ಸಾವು, ತನ್ನ ದಾರಿ, ಮೂರೂ ಒಂದೇ ವಸ್ತುವಿಗೆ ಗಂಟು ಬಿದ್ದವು. ತಾರೀಖು: ಪದವಿ ಪ್ರವೇಶದ ಕೊನೆಯ ದಿನ.

ನಿಮ್ಮ ಕಥೆಯನ್ನು ಇದೇ ರೀತಿ ಪರೀಕ್ಷಿಸಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ವಾಕ್ಯ ಬರೆಯಿರಿ: "ಇಂಥ ದಿನದೊಳಗೆ ಅವಳು ಇದನ್ನು ಮಾಡಬೇಕು ಅಥವಾ ಅದನ್ನು ಮಾಡಬೇಕು, ಯಾವುದು ಮಾಡಿದರೂ ಒಂದನ್ನು ಕಳೆದುಕೊಳ್ಳುತ್ತಾಳೆ." ಈ ವಾಕ್ಯ ಬರೆಯಲು ಆಗದಿದ್ದರೆ ಅಧ್ಯಾಯ ಬರೆಯಲು ಕೂರಬೇಡಿ. ಅರವತ್ತನೇ ಪುಟದಲ್ಲಿ ನಿಲ್ಲುವ ಕರಡುಗಳಲ್ಲಿ ಕಾಣೆಯಾಗಿರುವುದು ಈ ವಾಕ್ಯವೇ.

ಎಚ್ಚರಿಕೆ: ತೀರ್ಮಾನವನ್ನು ಮೇಷ್ಟ್ರು, ಬೆಂಗಳೂರಿನಿಂದ ಬಂದ ಚಿಕ್ಕಪ್ಪ, ಒಳ್ಳೆಯ ಮನಸ್ಸಿನ ಪೊಲೀಸ್ ಅಧಿಕಾರಿ ಇವರ ಕೈಗೆ ಕೊಡಬೇಡಿ. ಕನ್ನಡದ ಕರಡುಗಳಲ್ಲಿ ಕಡೆಯ ಇಪ್ಪತ್ತು ಪುಟದಲ್ಲಿ ಒಬ್ಬ ಹಿರಿಯರು ಬಂದು ಎರಡು ಪುಟ ಬುದ್ಧಿ ಹೇಳುವುದು ಚಾಳಿಯೇ ಆಗಿಬಿಟ್ಟಿದೆ. ಹದಿನಾರರ ಓದುಗ ಪುಸ್ತಕ ಮುಚ್ಚುವುದು ಅಲ್ಲೇ.

3. ಊರನ್ನು ಕ್ಯಾಲೆಂಡರಿಗೆ ಕಟ್ಟಿ

ಇದಕ್ಕೆ ಹೆಚ್ಚು ಹೊತ್ತು ಕೊಡಿ, ಕಥೆಯ ಬೆನ್ನೆಲುಬು ಇಲ್ಲೇ ಸಿಗುತ್ತದೆ. ಊರು ಎಂದರೆ ಬೆಟ್ಟ, ಕೆರೆ, ಸೂರ್ಯಾಸ್ತದ ವರ್ಣನೆ ಎಂದುಕೊಂಡವರು ನಂದಿ ಬೆಟ್ಟದ ಮಂಜಿನಿಂದ ಶುರು ಮಾಡುತ್ತಾರೆ. ಊರು ಎಂದರೆ ಯಾವ ಹೊತ್ತಿಗೆ ಯಾರು ಎಲ್ಲಿಗೆ ಹೋಗಲಾಗದು ಎಂಬ ಲೆಕ್ಕ.

ರೇಷ್ಮೆಯನ್ನೇ ತೆಗೆದುಕೊಳ್ಳಿ. ಮೊಟ್ಟೆ ಒಡೆದ ದಿನದಿಂದ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗೆ 24ರಿಂದ 28 ದಿನ. ನಡುವೆ ನಾಲ್ಕು ಜ್ವರ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ ಕದಲದೆ ನಿಂತು ಪೊರೆ ಕಳಚುವುದನ್ನು ರೈತರು ಜ್ವರ ಎನ್ನುತ್ತಾರೆ. ಬಹಳ ಮನೆಯವರು ಎರಡನೇ ಜ್ವರದವರೆಗಿನ ಎಳೆ ಹುಳುವನ್ನು, ಅದನ್ನು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತರುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳು ತಿನ್ನುವ ಸೊಪ್ಪು ಇಡೀ ಬೆಳೆಯ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ. ಆ ವಾರ ಮನೆಯವರು ನೆಂಟರ ಮದುವೆಗೂ ಹೋಗುವುದಿಲ್ಲ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗೆ, ಬಿಡುವ ದಿನವಂತೂ ಅಕ್ಕಪಕ್ಕದವರೂ ಕೈಹಾಕಬೇಕು. ಗೂಡು ಬಿಡಿಸಿದ ಮೇಲೆ ತಡಮಾಡುವಂತಿಲ್ಲ, ಚಿಟ್ಟೆ ಕೊರೆದು ಹೊರಬಂದರೆ ಎಳೆ ತುಂಡಾಗಿ ಗೂಡು ನೂಲಿಗೆ ಬಾರದು. ಆಮೇಲೆ ಮಾರುಕಟ್ಟೆ, ಹರಾಜು, ಆ ದಿನದ ರೇಟು.

ಈಗ ನಿಮ್ಮ ಕಥೆಗೆ ಇದರಿಂದ ಏನು ಸಿಕ್ಕಿತು? ಪ್ರೀತಿಸಿದವನು ಊರು ಬಿಟ್ಟು ಹೋಗುವ ಸಂಜೆಯನ್ನು ನಾಲ್ಕನೇ ಜ್ವರ ಎದ್ದ ಮೂರನೇ ದಿನಕ್ಕೆ ಇಡಿ. ಅವಳು ಬಸ್‌ಸ್ಟ್ಯಾಂಡಿಗೆ ಹೋಗಲಾರಳು. ಖಳನಾಯಕ ಬೇಕಿಲ್ಲ, ಬೀಗ ಹಾಕಿದ ಕೋಣೆ ಬೇಕಿಲ್ಲ, ಹಸಿದ ಹುಳು ಸಾಕು. ಬೆಳೆ ಕೆಡಬೇಕೆಂದಿದ್ದರೆ ಕಾರಣ ಸರಿಯಾಗಿ ಕೊಡಿ: ಊಜಿ ನೊಣ, ಸಪ್ಪೆ ರೋಗ, ಸುಣ್ಣಕಟ್ಟು ರೋಗ, ಪಕ್ಕದ ತೋಟದಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತದ್ದು. "ಹುಳುಗಳೆಲ್ಲ ಸತ್ತುಹೋದವು" ಎಂದಷ್ಟೇ ಬರೆದರೆ ಶಿಡ್ಲಘಟ್ಟದ ಓದುಗ ನಂಬುವುದಿಲ್ಲ.

ಇನ್ನೊಂದು ಮಾತು. ಹುಡುಗಿಯ ಬೆಳವಣಿಗೆಯನ್ನು ಗೂಡಿನಿಂದ ಹಾರುವ ಚಿಟ್ಟೆಗೆ ಹೋಲಿಸುವ ಆಸೆ ಎಲ್ಲರಿಗೂ ಬರುತ್ತದೆ. ನೂಲಿಗೆ ಹೋಗುವ ಗೂಡಿನೊಳಗಿನ ಕೋಶ, ಅಂದರೆ ಇನ್ನೂ ಚಿಟ್ಟೆಯಾಗದ ಹುಳು, ಬಿಸಿಗೆ ಸಾಯುತ್ತದೆ, ಹಾರುವುದಿಲ್ಲ. ರೇಷ್ಮೆ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಇದು ಗೊತ್ತಿರುತ್ತದೆ. ಆ ಹೋಲಿಕೆ ಅವಳ ಬಾಯಲ್ಲಿ ಬಂದರೆ ಅವಳು ರೇಷ್ಮೆ ಮನೆಯವಳಲ್ಲ.

ನಿಮ್ಮ ಊರು ಬೇರೆಯಾದರೆ ಕ್ಯಾಲೆಂಡರೂ ಬೇರೆ. ಶ್ರೀನಿವಾಸಪುರದ ಮಾವಿನ ತೋಟವಾದರೆ ಡಿಸೆಂಬರ್, ಜನವರಿಯ ಹೂವು, ಹೂವಿದ್ದಾಗಲೇ ತೋಟವನ್ನು ವ್ಯಾಪಾರಿಗೆ ಬಿಟ್ಟುಕೊಡುವ ಒಪ್ಪಂದ, ಏಪ್ರಿಲ್‌ನ ಆಲಿಕಲ್ಲು, ಮೇ ಜೂನ್‌ನ ಮಂಡಿ. ಪಾವಗಡವಾದರೆ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿ, ವರ್ಷಕ್ಕೊಮ್ಮೆ ದುಡ್ಡು ಬಂದು, ಬೇಸಾಯವಿಲ್ಲದೆ ಕೂತ ಮನೆ. ತಿಪಟೂರಿನ ಕಡೆಯ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಸಾಯುವ ಮುಂಚೆ ಅಜ್ಜ ಅಟ್ಟಕ್ಕೆ ಹಾಕಿದ ಕಾಯಿ ಅವನ ವರ್ಷದ ತಿಥಿಯ ಹೊತ್ತಿಗೆ ಕೊಬ್ಬರಿಯಾಗುತ್ತದೆ. ಸುಲಿಯುವುದು ಯಾರು? ಒಂದು ಇಡೀ ಅಧ್ಯಾಯ ಅಲ್ಲೇ ಇದೆ.

ಕಾಲದ ಲೆಕ್ಕದಲ್ಲಿ ತಪ್ಪುವ ಜಾಗಗಳನ್ನೂ ಹೇಳಿಬಿಡುತ್ತೇನೆ.

ಕೆಜಿಎಫ್ ಕಥೆ ಬರೆಯುವವರು ನಾಯಕನ ಅಪ್ಪನನ್ನು ಗಣಿಯೊಳಗೆ ಸಾಯಿಸುತ್ತಾರೆ. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. 2025ರಲ್ಲಿ 17 ವರ್ಷದವನು 2008ರಲ್ಲಿ ಹುಟ್ಟಿದವನು. ಗಣಿ ಅವನಿಗೆ ತಾತನ ಕೆಮ್ಮು, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ, ಬೆಳಗಿನ ಜಾವ ಬೆಂಗಳೂರಿಗೆ ಕೆಲಸಕ್ಕೆ ಹೊರಡುವ ರೈಲು.

ಮಾರ್ಚ್‌ನಲ್ಲಿ ಫೇಲಾಗಿ "ಒಂದು ವರ್ಷ ಹಾಳಾಯಿತು" ಎಂಬ ತಿರುವು 2024ರಿಂದೀಚೆಗೆ ಸುಲಭಕ್ಕೆ ನಿಲ್ಲುವುದಿಲ್ಲ. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇವೆ, 2024, 2025ರಲ್ಲಿ ಪರೀಕ್ಷೆ 1, 2, 3 ಎಂದು ಮೂರಿದ್ದವು. ಹಾಗೆಯೇ "ಬಸ್ಸಿಗೆ ದುಡ್ಡಿಲ್ಲದೆ ಅವಳು ಹೋಗಲಾಗಲಿಲ್ಲ" ಎಂಬುದು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಖಾಸಗಿ ಬಸ್ಸು ಮಾತ್ರ ಓಡುವ ದಾರಿಯಾದರೆ ಬೇರೆ ಮಾತು, ಆಗ ಅದನ್ನು ಹೇಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಕಥೆಯಾದರೆ ಅಪ್ಪ ಡಿಸಿ ಆಫೀಸಿಗೆ ಕೋಲಾರಕ್ಕೇ ಹೋಗಬೇಕು.

4. ಸಾವನ್ನು ವಸ್ತುಗಳಲ್ಲಿ ಇಡಿ

ಸಾವು ಮೊದಲ ಪುಟಕ್ಕಿಂತ ಹಿಂದೆಯೇ ಆಗಿರಲಿ, ಇಲ್ಲವೇ ಮೊದಲ ಮೂರು ಅಧ್ಯಾಯದೊಳಗೆ ಆಗಲಿ. ಇನ್ನೂರು ಪುಟದ ಕೊನೆಗೆ ಕಣ್ಣೀರಿಗಾಗಿ ಒಬ್ಬರನ್ನು ಸಾಯಿಸುವುದು ಬೇರೆ ಜಾತಿಯ ಪುಸ್ತಕ. ಇಲ್ಲಿ ಓದುಗರಿಗೆ ಬೇಕಿರುವುದು ಆಮೇಲಿನ ತಿಂಗಳುಗಳು.

ದುಃಖವನ್ನು ದುಃಖ ಎಂದು ಕರೆಯದೆ ಬರೆಯುವುದನ್ನು ಅಭ್ಯಾಸ ಮಾಡಿ. ಕರಡಿನಲ್ಲಿ ಹೀಗಿರುತ್ತದೆ:

"ಅಣ್ಣನ ಅಗಲಿಕೆಯ ನೋವು ಅವಳ ಎದೆಯನ್ನು ಹಿಂಡುತ್ತಿತ್ತು. ಮನೆಯೆಲ್ಲ ಶೂನ್ಯವಾಗಿ ಕಂಡಿತು."

ಹೀಗೆ ತಿದ್ದಬಹುದು:

"ಸೊಪ್ಪು ಹಾಕುತ್ತಾ ಬಂದವಳು ಮೇಲಿನ ಅಂಕಣ ಬಿಟ್ಟಳು. ಅಲ್ಲಿಗೆ ಕೈ ಎಟುಕುತ್ತಿದ್ದದ್ದು ಅಣ್ಣನಿಗೆ ಮಾತ್ರ. ಅಮ್ಮ ಏನೂ ಅನ್ನದೆ ಸ್ಟೂಲು ತಂದಿಟ್ಟಳು."

ಎರಡನೆಯದರಲ್ಲಿ ನೋವು ಎಂಬ ಪದವಿಲ್ಲ, ಅಮ್ಮನೂ ಒಳಗೆ ಬಂದಳು, ಹುಳು ಮನೆಯೂ ಕಂಡಿತು. ಅಧ್ಯಾಯಕ್ಕೆ ಇಂಥದ್ದೊಂದು ಸಾಕು. ಪುಟಕ್ಕೊಂದು ಬಂದರೆ ಓದುಗ ಲೆಕ್ಕ ಹಾಕಲು ಶುರು ಮಾಡುತ್ತಾನೆ.

ಮೊಬೈಲ್ ಕಾಲದ ಸಾವಿಗೆ ಅದರದೇ ಗಡುವುಗಳಿವೆ, ಬಳಸಿಕೊಳ್ಳಿ. ರೀಚಾರ್ಜ್ ಮಾಡದ ಸಿಮ್ ಕೆಲವು ತಿಂಗಳಲ್ಲಿ ಬಂದ್ ಆಗಿ ಆ ನಂಬರು ಬೇರೆ ಯಾರಿಗೋ ಹೋಗುತ್ತದೆ. 120 ದಿನ ಬಳಸದ ವಾಟ್ಸ್ಆ್ಯಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ, ಡಿಪಿಯೂ ಹೋಗುತ್ತದೆ. ಮಗನ ನಂಬರಿಗೆ ದಿನಾ ಫೋನು ಹಚ್ಚಿ ಕಿವಿಗಿಟ್ಟುಕೊಳ್ಳುವ ಅಮ್ಮನಿಗೆ ಒಂದು ದಿನ ಆ ಕಡೆಯಿಂದ ಅಪರಿಚಿತ ಗಂಡಸು "ಹಲೋ" ಎಂದರೆ?

ಶಾಸ್ತ್ರಗಳನ್ನು ಜಾತಿ, ಧರ್ಮ, ಮನೆತನ ನೋಡಿ ಕೇಳಿ ತಿಳಿದುಕೊಳ್ಳಿ. ಹನ್ನೊಂದನೇ ದಿನದ ತಿಥಿ ಎಲ್ಲರಿಗೂ ಒಂದೇ ಅಲ್ಲ. ಮುಸ್ಲಿಂ ಮನೆಯಾದರೆ ನಲವತ್ತನೇ ದಿನ ಬರುತ್ತದೆ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಮದುವೆಯಾಗದೆ ಸತ್ತ ಹುಡುಗನಿಗೆ ಬಟ್ಟೆ ಇಡಬೇಕೋ ಬೇಡವೋ ಎಂದು ಹಿರಿಯರು ವಾದ ಮಾಡುವುದನ್ನು ಬಾಗಿಲ ಹಿಂದೆ ನಿಂತು ಕೇಳುವ ತಂಗಿ, ಇದು ಯಾವ ಭಾಷಣಕ್ಕಿಂತಲೂ ಗಟ್ಟಿ.

ಸಾವು ಆತ್ಮಹತ್ಯೆಯಾದರೆ ನಿಯಮ ಬಿಗಿ. ವಿಧಾನ ವಿವರಿಸಬೇಡಿ, ಪತ್ರದ ಒಕ್ಕಣೆ ಕೊಡಬೇಡಿ, ಸತ್ತದ್ದರಿಂದ ಸಮಸ್ಯೆ ಬಗೆಹರಿಯಿತು ಅಥವಾ ಎಲ್ಲರಿಗೂ ಬುದ್ಧಿ ಬಂತು ಎಂದು ತೋರಿಸಬೇಡಿ, ಒಂದೇ ಕಾರಣಕ್ಕೆ ಕಟ್ಟಬೇಡಿ. ಪುಸ್ತಕದ ಕೊನೆಯ ಪುಟದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಮತ್ತು ಮಕ್ಕಳ ಸಹಾಯವಾಣಿ 1098 ಅಚ್ಚು ಹಾಕಿಸಿ. ಎರಡಕ್ಕೂ ಕರೆ ಉಚಿತ.

5. ಪ್ರೀತಿ ಔಷಧಿ ಆಗದಿರಲಿ

ಅತ್ತು ಕರೆದವಳಿಗೆ ಹುಡುಗ ಸಿಕ್ಕ, ನಕ್ಕಳು, ಗುಣವಾದಳು. ಈ ಬಗೆಯ ಕರಡುಗಳೇ ಹೆಚ್ಚು. ಹುಡುಗನಿಗೂ ತನ್ನದೊಂದು ಬೇಕಿರಬೇಕು. ನಮ್ಮ ಉದಾಹರಣೆಯಲ್ಲಿ ಅವನಿಗೆ ಬೇಕಿರುವುದು ಕ್ಷಮೆ. ಅವಳಿಗೆ ಬೇಕಿರುವುದು ಕೊನೆಯ ಅರ್ಧ ಗಂಟೆಯ ವಿವರ. ಇಬ್ಬರೂ ಒಬ್ಬರಿಂದೊಬ್ಬರು ಏನೋ ಕಿತ್ತುಕೊಳ್ಳಲು ಬಂದವರು. ಪ್ರೀತಿ ಹುಟ್ಟುವುದು ಅದರ ನಡುವೆ, ಯಾರೂ ಕರೆಯದೆ.

ಎಲ್ಲಿ ಭೇಟಿಯಾಗುತ್ತಾರೆ ಎಂಬುದನ್ನು ನಿಜವಾಗಿ ಯೋಚಿಸಿ. ತಾಲ್ಲೂಕು ಕೇಂದ್ರದಲ್ಲಿ ಹದಿನೇಳರ ಹುಡುಗಿ ಕಾಫಿ ಶಾಪಿನಲ್ಲಿ ಕೂರುವುದಿಲ್ಲ. ಜೆರಾಕ್ಸ್ ಅಂಗಡಿ, ಟ್ಯೂಷನ್ ಬಿಟ್ಟ ಹತ್ತು ನಿಮಿಷ, ಗೂಡಿನ ಮಾರುಕಟ್ಟೆಯಲ್ಲಿ ಅಪ್ಪ ಲಾಟಿನ ಹತ್ತಿರ ನಿಂತಿರುವಷ್ಟು ಹೊತ್ತು, ಗ್ರಾಮ ಪಂಚಾಯಿತಿ ಗ್ರಂಥಾಲಯ. ಊರಿನಲ್ಲಿ ಯಾರ ಕಣ್ಣೂ ಬೀಳದ ಜಾಗ ಇಲ್ಲ, ಹಾಗಾಗಿ ಪ್ರತಿ ಭೇಟಿಗೂ ಒಬ್ಬ ಸಾಕ್ಷಿಯನ್ನು ಇಡಿ. ಆ ಸಾಕ್ಷಿ ಬಾಯಿಬಿಡುತ್ತಾನೋ ಇಲ್ಲವೋ ಎಂಬುದರಲ್ಲೇ ನಾಲ್ಕು ಅಧ್ಯಾಯದ ಬಿಗಿ ಬರುತ್ತದೆ.

ಜಾತಿ, ಧರ್ಮವನ್ನು "ಬೇರೆ ಸಮಾಜದವರು" ಎಂದು ಮಸುಕು ಮಾಡಬೇಡಿ. ಊರಿನವರು ಹೆಸರು ಹಿಡಿದೇ ಮಾತಾಡುತ್ತಾರೆ. ಪಾತ್ರಗಳಿಗೂ ಗೊತ್ತಿರಲಿ, ಆದರೆ ಲೇಖಕರ ವ್ಯಾಖ್ಯಾನವಾಗಿ ಬರುವುದು ಬೇಡ. ಯಾರ ಮನೆಯಲ್ಲಿ ಯಾರು ನೀರು ಕುಡಿದರು, ಯಾವ ಲೋಟದಲ್ಲಿ ಎಂಬುದರಲ್ಲಿ ಬರಲಿ.

ಕಾನೂನು ತಿಳಿದಿರಲೇಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಮದುವೆಗೆ ಹೆಣ್ಣಿಗೆ 18, ಗಂಡಿಗೆ 21. ಹದಿನೇಳರ ಹುಡುಗಿ ಓಡಿಹೋಗಿ ದೇವಸ್ಥಾನದಲ್ಲಿ ಮದುವೆಯಾಗಿ ಸುಖವಾಗಿದ್ದಳು ಎಂದು ಮುಗಿಸಿದರೆ ಅದು ಸುಳ್ಳು. ಹುಡುಗನ ಮೇಲೆ ಅಪಹರಣದ ಕೇಸು, ಪೋಕ್ಸೊ, ಜೈಲು, ಹುಡುಗಿ ಬಾಲಮಂದಿರ, ನಿಜವಾಗಿ ಆಗುವುದು ಇವು. ಹದಿನೆಂಟರೊಳಗಿನ ಪಾತ್ರಗಳ ದೈಹಿಕ ಸಂಬಂಧದ ವರ್ಣನೆ ಬೇಡವೇ ಬೇಡ. ಇದಕ್ಕೆ ವಿನಾಯಿತಿ ಹುಡುಕಬೇಡಿ, ಕಥೆಗೂ ಅದರ ಅಗತ್ಯವಿಲ್ಲ. ಚಾರ್ಜರ್ ಕೊಡುವಾಗ ತಾಗಿದ ಬೆರಳಿಗೆ ಒಂದು ಪುಟ ಕೊಡಬಲ್ಲವರೇ ಈ ಬಗೆಯನ್ನು ಬರೆಯಬಲ್ಲವರು.

6. ಮಾತಿನ ಭಾಷೆ

ನಿರೂಪಣೆ ಸರಳ ಶಿಷ್ಟಗನ್ನಡದಲ್ಲಿರಲಿ, ಮಾತು ಊರಿನದಾಗಿರಲಿ. ಆದರೆ ಆಡುವುದನ್ನೆಲ್ಲ ಹಾಗೇ ಬರೆದರೆ ಹೊರಗಿನ ಓದುಗ ತಡವರಿಸುತ್ತಾನೆ. ಮೂರು ನಾಲ್ಕು ಗುರುತು ಆರಿಸಿಕೊಂಡು ಕಡೆಯವರೆಗೂ ಅವನ್ನೇ ಹಿಡಿಯಿರಿ. ಶಬ್ದದ ಮೊದಲಿನ ಹಕಾರ ಬೀಳುವುದು, "ಐತೆ", ತುಮಕೂರು ಕಡೆಯಾದರೆ "ಮಾಡ್ಕಂಡು, ನೋಡ್ಕಂಡು". "ಎಲ್ಲಿಗ್ ಓಗಿದ್ದೆ ಇಷ್ಟೊತ್ತು?" ಎಂಬಷ್ಟಕ್ಕೇ ಅಜ್ಜಿ ಕಣ್ಣಮುಂದೆ ಬರುತ್ತಾಳೆ. ಹುಡುಗಿ ಅದೇ ಅಜ್ಜಿಯೊಂದಿಗೆ ಒಂದು ಕನ್ನಡ, ಕಾಲೇಜಿನಲ್ಲಿ ಇನ್ನೊಂದು ಕನ್ನಡ, ಇನ್‌ಸ್ಟಾಗ್ರಾಮ್‌ನಲ್ಲಿ ಮೂರನೆಯದು ಬಳಸುತ್ತಾಳೆ. ಬಾಗೇಪಲ್ಲಿ, ಪಾವಗಡದಲ್ಲಿ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು ಇರುವ ಮನೆಗಳು ಬೇಕಾದಷ್ಟು. ಸಿಟ್ಟು ಬಂದಾಗ ಆ ಭಾಷೆಗೆ ಜಾರಲಿ. ಅರ್ಥ ಮುಂದಿನ ವಾಕ್ಯದಲ್ಲಿ ತಾನಾಗಿ ಗೊತ್ತಾಗುವಂತೆ ಬರೆಯಿರಿ, ಅಡಿಟಿಪ್ಪಣಿ ಬೇಡ.

ಹುಡುಗರ ಈಗಿನ ಸ್ಲ್ಯಾಂಗ್ ತುಂಬಿಸಬೇಡಿ. ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಸಿನಿಮಾ ಹಾಡಿನ ಸಾಲು ಹಾಕುವ ಆಸೆಯನ್ನೂ ಬಿಡಿ. ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ, ಅನುಮತಿ ಪತ್ರವಿಲ್ಲದೆ ಪ್ರಕಾಶಕರು ಮುಟ್ಟುವುದಿಲ್ಲ. "ಆ ಹಾಡು ಹಾಕಿದ್ದರು" ಎಂದರೆ ಸಾಕು, ಓದುಗ ತನಗಿಷ್ಟದ್ದನ್ನು ಹಾಕಿಕೊಳ್ಳುತ್ತಾನೆ.

7. ಕರಡು

ಮೊದಲ ಕರಡನ್ನು ಹಿಂದಿರುಗಿ ಓದದೆ ಮುಗಿಸಿ. ಆಮೇಲೆ ಮೂರು ವಾರ ಮುಟ್ಟಬೇಡಿ. ತಿದ್ದುವಾಗ ಗಟ್ಟಿಯಾಗಿ ಓದುತ್ತಾ ತಿದ್ದಿ. ಉಸಿರು ಕಟ್ಟುವ ಕಡೆ ವಾಕ್ಯ ಒಡೆಯಬೇಕೆಂದು ಅರ್ಥ. "ಹೃದಯ", "ಮೌನ", "ಕಣ್ಣೀರು", "ಶೂನ್ಯ" ಈ ನಾಲ್ಕು ಪದಗಳನ್ನು ಫೈಲಿನಲ್ಲಿ ಹುಡುಕಿ ಎಷ್ಟು ಸಲ ಬಂದಿವೆ ನೋಡಿ. ಮುಕ್ಕಾಲು ಪಾಲು ಕಿತ್ತರೂ ಏನೂ ನಷ್ಟವಾಗದು.

ಮೊದಲ ಅಧ್ಯಾಯ ಬಹುತೇಕ ಬಿಸಾಡಬೇಕಾಗುತ್ತದೆ. ಅದು ನೀವು ಕಥೆಯೊಳಗೆ ಹೋಗಲು ಬರೆದುಕೊಂಡದ್ದು, ಓದುಗನಿಗೆ ಎರಡನೆಯದರಿಂದಲೇ ಸಾಕು.

8. ಆ ವಯಸ್ಸಿನವರ ಕೈಗೆ ಕೊಡಿ

ಬೀಟಾ ಓದುಗರು ಎಂದರೆ ಅಚ್ಚಿಗೆ ಹೋಗುವ ಮುಂಚೆ ಓದಿ ಹೇಳುವವರು. 15ರಿಂದ 19ರೊಳಗಿನ ಐದಾರು ಮಂದಿ ಸಾಕು, ಅದರಲ್ಲಿ ಇಬ್ಬರಾದರೂ ಪುಸ್ತಕ ಓದುವ ರೂಢಿ ಇಲ್ಲದವರಿರಲಿ. ಮನೆಯವರ ಇಲ್ಲವೇ ಉಪನ್ಯಾಸಕರ ಅನುಮತಿ ಕೇಳಿ. ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳಲ್ಲಿ 6ರಿಂದ 18ರವರೆಗಿನವರಿಗೆ ಸದಸ್ಯತ್ವ ಉಚಿತ, ಹಾಗಾಗಿ ಓದುಗರನ್ನು ಹುಡುಕಲು ಅದು ಒಳ್ಳೆಯ ಜಾಗ. ಅಲ್ಲಿನ ಮೇಲ್ವಿಚಾರಕರನ್ನು ಮಾತಾಡಿಸಿ.

"ಹೇಗಿದೆ?" ಎಂದು ಕೇಳಬೇಡಿ, "ಚೆನ್ನಾಗಿದೆ ಸರ್, ಚೆನ್ನಾಗಿದೆ ಮೇಡಂ" ಎನ್ನುತ್ತಾರೆ, ಅಷ್ಟೇ. ಪೆನ್ಸಿಲ್ ಕೊಟ್ಟು ಮೂರು ಗುರುತು ಹಾಕಲು ಹೇಳಿ: ಓದುವುದನ್ನು ನಿಲ್ಲಿಸಿ ಫೋನು ನೋಡಿದ ಜಾಗಕ್ಕೆ ಒಂದು ಗೆರೆ, "ನಮ್ಮ ವಯಸ್ಸಿನವರು ಹೀಗೆ ಮಾತಾಡಲ್ಲ" ಅನಿಸಿದಲ್ಲಿ ಒಂದು ಸೊನ್ನೆ, ಮುಂದಾಗುವುದು ಮೊದಲೇ ಗೊತ್ತಾದಲ್ಲಿ ಒಂದು ಗುಣಾಕಾರ. ಒಂದೇ ಪುಟದಲ್ಲಿ ಮೂವರು ಗೆರೆ ಹಾಕಿದ್ದರೆ ವಾದ ಮಾಡದೆ ಆ ಪುಟ ತೆಗೆಯಿರಿ. ಕೊನೆಯ ತೀರ್ಮಾನವನ್ನು ಮಾತ್ರ ಅವರ ಮತಕ್ಕೆ ಬಿಡಬೇಡಿ. ಐವರಲ್ಲಿ ನಾಲ್ವರು "ಇಬ್ಬರಿಗೂ ಮದುವೆ ಮಾಡಿಸಿ" ಎಂದೇ ಹೇಳುವುದು.

ನಿಜ ಜೀವನದ ಅಪಘಾತ, ಕೇಸು, ಊರ ಗಲಾಟೆಯಿಂದ ಕಥೆ ಎತ್ತಿಕೊಂಡಿದ್ದರೆ ಹೆಸರು ಬದಲಾಯಿಸಿದರಷ್ಟೇ ಸಾಲದು. ಊರು, ವೃತ್ತಿ, ಮನೆಯಲ್ಲಿನ ಜನರ ಸಂಖ್ಯೆ ಇವುಗಳಲ್ಲಿ ಎರಡನ್ನಾದರೂ ಬದಲಾಯಿಸಿ. ಸಣ್ಣ ಊರಿನಲ್ಲಿ ಗುರುತು ಹಿಡಿಯಲು ಬೈಕಿನ ಬಣ್ಣ ಸಾಕು.

9. ಪ್ರಕಾಶಕರು, ಅಚ್ಚು

ಪ್ರಕಾಶಕರಿಗೆ ಕಳಿಸುವಾಗ ಒಂದು ಪುಟದ ಸಾರಾಂಶ, ಅದರಲ್ಲಿ ಕೊನೆ ಏನಾಗುತ್ತದೆಂದೂ ಬರೆದಿರಬೇಕು. ಜೊತೆಗೆ ಮೊದಲ ಮೂರು ಅಧ್ಯಾಯ. ಇಡೀ ಹಸ್ತಪ್ರತಿಯನ್ನು ಕೇಳಿದ ಮೇಲೆ ಕಳಿಸಿದರಾಯಿತು. ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆ ಯಾವಾಗ ಬರುತ್ತದೆಂದು ಗಮನಿಸುತ್ತಿರಿ, ವಯಸ್ಸಿನ ಮಿತಿ ಅದರಲ್ಲೇ ಇರುತ್ತದೆ. ಸ್ವಂತ ಖರ್ಚಿನಲ್ಲಿ ತರುವುದಾದರೆ ಐಎಸ್‌ಬಿಎನ್, ಅಂದರೆ ಪುಸ್ತಕದ 13 ಅಂಕಿಯ ಗುರುತು ಸಂಖ್ಯೆ, ಭಾರತದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ದುಡ್ಡು ಕೇಳುವ ಮಧ್ಯವರ್ತಿ ಬೇಕಿಲ್ಲ. ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ.

ಪುಟ ವಿನ್ಯಾಸದಲ್ಲಿ ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನ ಅಂತರ 17, 18 ಇರಲಿ. ಪುಟ ಉಳಿಸಲು ಅಂತರ ತಗ್ಗಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಾಗದ 70 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ತೆಳ್ಳಗಾದರೆ ಹಿಂಬದಿಯ ಅಕ್ಷರ ಕಾಣುತ್ತದೆ.

ಕಡೆಯದು, ಅತಿ ಹೆಚ್ಚು ಕಾಟ ಕೊಡುವುದು ಫಾಂಟು. ಹಳೆಯ ಡಿಟಿಪಿ ಅಂಗಡಿಗಳು ಇನ್ನೂ ಯೂನಿಕೋಡ್ ಅಲ್ಲದ ಹಳೆಯ ಫಾಂಟಿಗೆ ಬದಲಾಯಿಸಿಕೊಂಡು ಪುಟ ಕಟ್ಟುತ್ತವೆ. ಆ ಬದಲಾವಣೆಯಲ್ಲಿ ಅರ್ಕಾವೊತ್ತು ಜಾಗ ತಪ್ಪುತ್ತದೆ, "ಬಸ್‌ಗೆ" ಎಂಬುದು "ಬಸ್ಗೆ" ಎಂದು ಒತ್ತಾಗಿ ಅಂಟಿಕೊಳ್ಳುತ್ತದೆ, "ರ್‍ಯಾಂಕ್" ಏನೇನೋ ಆಗುತ್ತದೆ. ಕರಡಚ್ಚು ಬಂದಾಗ ಕಥೆ ಓದಲು ಕೂರಬೇಡಿ, ಓದಿಸಿಕೊಂಡು ಹೋದರೆ ತಪ್ಪು ಕಾಣುವುದಿಲ್ಲ. "ವರ್ಷ", "ಸೂರ್ಯ", "ಮಾರ್ಚ್", "ಬಸ್‌ಸ್ಟ್ಯಾಂಡ್", "ಇನ್‌ಸ್ಟಾಗ್ರಾಮ್" ಇಂಥ ಪದಗಳ ಪಟ್ಟಿ ಮಾಡಿ, ಕೊನೆಯ ಪುಟದಿಂದ ಹಿಮ್ಮುಖವಾಗಿ ಒಂದೊಂದೇ ಹುಡುಕುತ್ತಾ ಬನ್ನಿ. ಪಾತ್ರಗಳ ಹೆಸರಿನಲ್ಲಿ ಅರ್ಕಾವೊತ್ತು ಇದ್ದರೆ ಅದನ್ನೂ ಪಟ್ಟಿಗೆ ಸೇರಿಸಿ, ಪುಸ್ತಕದ ಉದ್ದಕ್ಕೂ ಆ ಹೆಸರು ನಾನೂರು ಐನೂರು ಸಲ ಬಂದಿರುತ್ತದೆ.